ಗಾಲೆಗೆ ಹೊರಡುವ ಮುನ್ನ

ಸಿಂಹಳದ ಗಾಲೆ ಕೋಟೆಯನ್ನು ಕಾಣಬಯಸುವವರು ಡಿಸೆಂಬರ್‌–ಮಾರ್ಚ್ ನಡುವೆ ಹೊರಡುವುದು ಲೇಸು. ಮೇ ತಿಂಗಳಾದರೆ ಮುಂಗಾರಿನ ಕಡಲು ಮುನಿದಿರುತ್ತದೆ. ಕೊಲಂಬೊದಲ್ಲಿ ರೈಲೇರಿ ಬಲಗಡೆಯ ಕಿಟಕಿ ಹಿಡಿದರೆ ಅಲೆಗಳ ಸಂಗಾತ ತಪ್ಪದು. ಆದರೆ ಇದೇ ಹಾದಿಯ ಪೆರಲಿಯದಲ್ಲಿ, 2004ರ ಡಿಸೆಂಬರ್ 26ರಂದು, ಸುನಾಮಿಯು ರೈಲೊಂದನ್ನು ಬುಡಮೇಲುಗೊಳಿಸಿ ಸಾವಿರಕ್ಕೂ ಮಿಗಿಲಾದ ಜೀವಗಳನ್ನು ಬಲಿಗೊಂಡಿತು. ಗಾಲೆಯ ಹೊಸ ಪೇಟೆಯೂ ಅಂದೇ ಹಾಳಾಯಿತು. 1640ರಲ್ಲಿ ಪೋರ್ತುಗೀಸರಿಂದ ಗೆದ್ದ ಡಚ್ಚರು ಬಲಪಡಿಸಿದ ಗೋಡೆಗಳೊಳಗಿನ ಊರು ಮಾತ್ರ ಬಹುಮಟ್ಟಿಗೆ ಉಳಿಯಿತು. ಫಿರಂಗಿಗೆಂದು ಕಟ್ಟಿದ ಗೋಡೆ ಕಡಲಿಗೇ ಎದೆಗೊಟ್ಟಿತು!

ಒಂದೇ ಹಗಲಿನಲ್ಲಿ ನೋಡಿ ಮುಗಿಸುವ ಆತುರ ಸಲ್ಲದು. ಡಚ್ಚರ ಇಗರ್ಜಿ, ದೀಪಸ್ತಂಭದ ಬಳಿಯ ಮಸೀದಿಗಳನ್ನು ಬೆಳಗ್ಗೆ ನೋಡಬಹುದು; ಗೋಡೆಯ ಮೇಲಿನ ನಡಿಗೆಯನ್ನು ಬಿಸಿಲು ತಗ್ಗಿದ ಸಂಜೆಗೇ ಮೀಸಲಿಡಬೇಕು. ಕೋಟೆಯೊಳಗಿನ ಸಂಸಾರಸ್ಥರೂ ಗಾಳಿಗೆಂದು ಅಲ್ಲಿಗೇ ಬರುತ್ತಾರೆ.