ಅಮೆರಿಕದ ರಾಜಕಾರಣ ಮರೆತ ಸೌಜನ್ಯ

ಮಗಳಿಗೆ ವರನನ್ನು ನೋಡುವಾಗ ತಂದೆತಾಯಿಗಳು ಮನೆತನ, ವಿದ್ಯೆ, ನಡತೆ, ಉದ್ಯೋಗಗಳನ್ನು ವಿಚಾರಿಸುವುದುಂಟು. ಹುಡುಗನು ಯಾವ ಪಕ್ಷಕ್ಕೆ ಮತ ಹಾಕುತ್ತಾನೆಂದು ಕೇಳುವವರು ನಮ್ಮಲ್ಲಿ ವಿರಳ. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ಮಗನೋ ಮಗಳೋ ಎದುರು ಪಕ್ಷದವರ ಮನೆಯ ಸಂಬಂಧ ಬೆಳೆಸಿದರೆ ನಿಮಗೆ ಅಸಮಾಧಾನವಾಗುವುದೇ ಎಂದು 1960ರ ಸುಮಾರಿನಲ್ಲಿ ಅಲ್ಲಿಯ ಸಮಾಜಶಾಸ್ತ್ರಜ್ಞರು ಕೇಳಿದಾಗ, ರಿಪಬ್ಲಿಕನ್ನರಲ್ಲಿ ನೂರಕ್ಕೆ 5 ಮಂದಿ, ಡೆಮಾಕ್ರಟರಲ್ಲಿ ನೂರಕ್ಕೆ 4 ಮಂದಿ ಮಾತ್ರ ಹೌದೆಂದಿದ್ದರು. ಅರ್ಧ ಶತಮಾನ ಕಳೆದು 2010ರಲ್ಲಿ ಇದೇ ಬಗೆಯ ಪ್ರಶ್ನೆಯನ್ನು ಮತ್ತೆ ಕೇಳಲಾಯಿತು. ಆಗ ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ, ಡೆಮಾಕ್ರಟರಲ್ಲಿ ಮೂರನೆಯ ಒಂದು ಪಾಲು ಜನ ತಮಗೆ ಬೇಸರವಾಗುವುದೆಂದು ಉತ್ತರಿಸಿದರು. ರಾಜಕೀಯ ಭಿನ್ನಾಭಿಪ್ರಾಯವು ಸಭಾಂಗಣವನ್ನು ದಾಟಿ ಅಡುಗೆಮನೆಯವರೆಗೆ ಬಂದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಇದು ಪರದೇಶದವರ ಗೊಡವೆಯೆಂದು ಬದಿಗಿರಿಸುವಂತಿಲ್ಲ. ನಮ್ಮ ಅನೇಕ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಆ ನಾಡಿನಲ್ಲಿ ನೆಲೆಸಿ ಅಲ್ಲಿಯ ಶಾಲೆ, ಕಚೇರಿ, ನೆರೆಹೊರೆಗಳ ಗಾಳಿಯನ್ನೇ ಉಸಿರಾಡುತ್ತಿದ್ದಾರೆ. ಆ ಗಾಳಿಯಲ್ಲಿ ಈಗ ರಕ್ತದ ವಾಸನೆಯೂ ಬೆರೆತಿದೆ. 2011ರಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ಮತದಾರರ ಅಹವಾಲು ಕೇಳುತ್ತಿದ್ದ ಡೆಮಾಕ್ರಟ್ ಸಂಸದೆ ಗೇಬ್ರಿಯೆಲ್ ಗಿಫರ್ಡ್ಸ್ ಅವರ ತಲೆಗೆ ಗುಂಡು ಹೊಡೆದವನು ಆರು ಮಂದಿಯನ್ನು ಕೊಂದನು. 2017ರಲ್ಲಿ ಚೆಂಡಾಟದ ಅಭ್ಯಾಸದಲ್ಲಿದ್ದ ರಿಪಬ್ಲಿಕನ್ ನಾಯಕ ಸ್ಟೀವ್ ಸ್ಕಲೀಸ್ ಗುಂಡೇಟಿನಿಂದ ಸಾವಿನ ಅಂಚಿಗೆ ಹೋಗಿ ಬಂದರು. 2021ರ ಜನವರಿ 6ರಂದು ಚುನಾವಣೆಯ ಫಲಿತಾಂಶವನ್ನೊಪ್ಪದ ಜನಸಮೂಹವು ಸಂಸತ್ ಭವನಕ್ಕೇ ನುಗ್ಗಿತು. 2024ರ ಜುಲೈನಲ್ಲಿ ಡೊನಾಲ್ಡ್ ಟ್ರಂಪ್ ಅವರ ಕಿವಿಯನ್ನು ಗುಂಡು ಸವರಿಕೊಂಡು ಹೋಯಿತು. 2025ರ ಜೂನ್‌ನಲ್ಲಿ ಮಿನ್ನೆಸೋಟದ ಡೆಮಾಕ್ರಟ್ ಶಾಸಕಿ ಮೆಲಿಸಾ ಹಾರ್ಟ್‌ಮನ್ ಮತ್ತು ಅವರ ಪತಿ ತಮ್ಮ ಮನೆಯಲ್ಲಿಯೇ ಹತರಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರ ಅಂಗಳದಲ್ಲಿ ಸಭಿಕರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ ಸಂಪ್ರದಾಯವಾದಿ ಯುವ ನಾಯಕ ಚಾರ್ಲಿ ಕರ್ಕ್ ಗುಂಡಿಗೆ ಬಲಿಯಾದರು. ಬಲಿಯಾದವರು ಒಂದೇ ಪಕ್ಷದವರಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಹಿಂದೆ ಎಲ್ಲವೂ ಸೌಮ್ಯವಾಗಿತ್ತು, ಈಗ ಮಾತ್ರ ಕೆಟ್ಟಿತೆಂದು ತಿಳಿದರೆ ಅದೂ ತಪ್ಪಾದೀತು. 1856ರ ಮೇ ತಿಂಗಳಿನಲ್ಲಿ ಮ್ಯಾಸಚೂಸೆಟ್ಸ್‌ನ ಸದಸ್ಯ ಚಾರ್ಲ್ಸ್ ಸಮ್ನರ್ ಅವರು ಗುಲಾಮಗಿರಿಯನ್ನು ಖಂಡಿಸಿ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಎರಡು ದಿನ ಮಾತನಾಡಿದರು. ವಿಷಯ ನ್ಯಾಯವಾದದ್ದೇ, ಆದರೆ ದಕ್ಷಿಣದ ಒಬ್ಬ ವೃದ್ಧ ಸದಸ್ಯರ ಮಾತಿನ ತೊದಲನ್ನೂ ಅವರು ಅಣಕಿಸಿದರು. ಮೇ 22ರಂದು ಆ ವೃದ್ಧರ ಬಂಧುವೂ ಕೆಳಮನೆಯ ಸದಸ್ಯನೂ ಆಗಿದ್ದ ಪ್ರೆಸ್ಟನ್ ಬ್ರೂಕ್ಸ್ ಎಂಬಾತನು ಸೆನೆಟ್ ಸಭಾಂಗಣಕ್ಕೇ ಬಂದು, ಕುಳಿತು ಬರೆಯುತ್ತಿದ್ದ ಸಮ್ನರ್ ಅವರನ್ನು ಕೈಬೆತ್ತ ಮುರಿಯುವವರೆಗೆ ಬಡಿದನು. ಅವರು ಚೇತರಿಸಿಕೊಂಡು ತಮ್ಮ ಪೀಠಕ್ಕೆ ಪೂರ್ಣವಾಗಿ ಮರಳಲು ಮೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಬಡಿದವನ ಗತಿಯೇನಾಯಿತು? ಆತ ರಾಜೀನಾಮೆಯಿತ್ತು ಊರಿಗೆ ಹೋದನು. ಊರಿನವರು ಅವನನ್ನೇ ಪುನಃ ಆರಿಸಿ ಕಳುಹಿಸಿದರು. ಅಷ್ಟೇ ಅಲ್ಲ, ಅಭಿಮಾನಿಗಳು ಹೊಸ ಹೊಸ ಬೆತ್ತಗಳನ್ನು ಕಾಣಿಕೆಯಾಗಿ ಕಳುಹಿಸಿಕೊಟ್ಟರು! ಐದು ವರ್ಷಗಳೊಳಗೆ ಆ ದೇಶವು ಅಂತರ್ಯುದ್ಧಕ್ಕಿಳಿಯಿತು. ಆರು ಲಕ್ಷಕ್ಕೂ ಹೆಚ್ಚು ಜನ ಮಡಿದರು.

ಒಬ್ಬನು ಬೆತ್ತವೆತ್ತುವುದಕ್ಕಿಂತ ಊರೇ ಅವನಿಗೆ ಬೆತ್ತ ಕಳುಹಿಸುವುದು ಘೋರವಾದದ್ದು. ಸೌಜನ್ಯದ ಪ್ರಶ್ನೆಯನ್ನು ಸಾಮಾನ್ಯವಾಗಿ ನಾವು ಎದುರಾಳಿಗೆ ಹಾಕುತ್ತೇವೆ: ಅವನು ಹೇಗೆ ಮಾತನಾಡಿದ, ಎಂಥ ಪದ ಬಳಸಿದ ಎಂದು. ಈ ಲೇಖಕನ ದೃಷ್ಟಿಯಲ್ಲಿ ಆ ಪ್ರಶ್ನೆಯನ್ನು ಮೊದಲು ಹಾಕಬೇಕಾದದ್ದು ನಮ್ಮವರಿಗೆ. ಎದುರಾಳಿಯ ಮೇಲೆ ಹೇರಿದ ಸೌಜನ್ಯವು ಬಹುಮಟ್ಟಿಗೆ ಬಾಯಿಕಟ್ಟುವ ಉಪಾಯವೇ ಆಗಿರುತ್ತದೆ.

ಇದಕ್ಕೆ ಅಮೆರಿಕದ ಇತಿಹಾಸದಲ್ಲಿಯೇ ನಿದರ್ಶನವಿದೆ. ಗುಲಾಮಗಿರಿಯ ವಿರುದ್ಧ ಜನರು ಸಲ್ಲಿಸುತ್ತಿದ್ದ ಅರ್ಜಿಗಳಿಂದ ಸಭೆಯ ಶಾಂತಿ ಕದಡುತ್ತದೆಂದು 1836ರಲ್ಲಿ ಕೆಳಮನೆಯು ಒಂದು ನಿರ್ಣಯ ಮಾಡಿತು: ಅಂಥ ಅರ್ಜಿಗಳನ್ನು ಚರ್ಚಿಸದೆ ಬದಿಗಿಡತಕ್ಕದ್ದು. ಸಭೆಯೇನೋ ಶಾಂತವಾಯಿತು, ಗುಲಾಮನ ಬೆನ್ನ ಮೇಲಿನ ಚಾವಟಿ ಶಾಂತವಾಗಲಿಲ್ಲ. ಹಿಂದೆ ರಾಷ್ಟ್ರಾಧ್ಯಕ್ಷರಾಗಿದ್ದು ಅನಂತರ ಕೆಳಮನೆಯ ಸಾಮಾನ್ಯ ಸದಸ್ಯರಾಗಿ ಬಂದಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಎಂಬ ವೃದ್ಧರು ವರ್ಷಗಟ್ಟಲೆ ಹೋರಾಡಿ 1844ರಲ್ಲಿ ಆ ನಿಯಮವನ್ನು ತೆಗೆಸಿಹಾಕಿದರು. ಮಾರ್ಟಿನ್ ಲೂಥರ್ ಕಿಂಗ್ ಅವರೂ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರದಲ್ಲಿ ಇದೇ ನೋವನ್ನು ತೋಡಿಕೊಂಡಿದ್ದಾರೆ. ಹೋರಾಟಗಾರರು ಅವಸರಪಡುತ್ತಿದ್ದಾರೆ, ಕಾಲ ಬರಲಿ ಎಂದು ಬುದ್ಧಿವಾದ ಹೇಳುತ್ತಿದ್ದ ಸೌಮ್ಯ ಸ್ವಭಾವದ ಬಿಳಿಯರು ನ್ಯಾಯಕ್ಕಿಂತ ನೆಮ್ಮದಿಯನ್ನೇ ಹೆಚ್ಚೆಂದು ಬಗೆದರೆಂಬುದು ಅವರ ಆಕ್ಷೇಪ. ಆದುದರಿಂದ ಸೌಜನ್ಯವೆಂದರೆ ವಿಷಯವನ್ನು ಎತ್ತದಿರುವುದಲ್ಲ. ವಿಷಯವನ್ನು ಪೂರ್ಣವಾಗಿ ಎತ್ತಿ, ಎದುರಿನವನ ಮನುಷ್ಯತ್ವವನ್ನು ಮಾತ್ರ ಕೈಬಿಡದಿರುವುದು.

ಹೀಗೆ ತನ್ನವರನ್ನೇ ತಡೆದು ನಿಂತವರಲ್ಲಿ ಮೊದಲು ನೆನೆಯಬೇಕಾದವರು ಮಾರ್ಗರೆಟ್ ಚೇಸ್ ಸ್ಮಿತ್. 1950ರಲ್ಲಿ ಇಡೀ ಸೆನೆಟ್ಟಿನಲ್ಲಿದ್ದ ಒಬ್ಬಳೇ ಮಹಿಳೆ ಅವರು, ರಿಪಬ್ಲಿಕನ್ ಪಕ್ಷದವರು. ಅವರದೇ ಪಕ್ಷದ ಜೋಸೆಫ್ ಮೆಕಾರ್ಥಿಯವರು ಕಂಡಕಂಡವರನ್ನೆಲ್ಲ ದೇಶದ್ರೋಹಿ ಕಮ್ಯುನಿಸ್ಟರೆಂದು ಜರೆದು ದೇಶವನ್ನೇ ನಡುಗಿಸುತ್ತಿದ್ದ ದಿನಗಳವು. ಪಕ್ಷಕ್ಕೆ ಅದರಿಂದ ಮತಗಳ ಲಾಭವಿತ್ತು, ಆದುದರಿಂದ ಹಿರಿಯರು ಮೌನವಾಗಿದ್ದರು. ಜೂನ್ 1ರಂದು ಸ್ಮಿತ್ ಅವರು ಎದ್ದು ಸುಮಾರು ಕಾಲು ಗಂಟೆ ಮಾತನಾಡಿದರು. ಮೆಕಾರ್ಥಿಯವರ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಟೀಕಿಸುವ ಹಕ್ಕು, ಜನಪ್ರಿಯವಲ್ಲದ ನಂಬಿಕೆಯನ್ನಿಟ್ಟುಕೊಳ್ಳುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇದೆಯೆಂದೂ, ಭಯ, ಅಜ್ಞಾನ, ಮತಾಂಧತೆ, ಅಪನಿಂದೆಗಳ ಮೇಲೇರಿ ತಮ್ಮ ಪಕ್ಷವು ಗೆಲ್ಲುವುದು ತಮಗೆ ಬೇಡವೆಂದೂ ಸಾರಿದರು. ಎದುರು ಪಕ್ಷದ ಸರಕಾರದ ಲೋಪಗಳನ್ನೂ ಅದೇ ಭಾಷಣದಲ್ಲಿ ಖಂಡಿಸಿದರೆಂಬುದನ್ನು ಮರೆಯಲಾಗದು. ಆರು ಮಂದಿ ರಿಪಬ್ಲಿಕನ್ ಸದಸ್ಯರು ಮಾತ್ರ ಅವರ ಹೇಳಿಕೆಗೆ ಸಹಿ ಹಾಕಿದ್ದರು. ಮೆಕಾರ್ಥಿಯವರು ಈ ಏಳು ಮಂದಿಯನ್ನು ಮಕ್ಕಳ ಕಥೆಯ ರಾಜಕುಮಾರಿ ಮತ್ತು ಆರು ಕುಬ್ಜರೆಂದು ಹಾಸ್ಯ ಮಾಡಿದರು. ಮರುವರ್ಷ ಸ್ಮಿತ್ ಅವರನ್ನು ತನಿಖಾ ಉಪಸಮಿತಿಯಿಂದ ಕಿತ್ತುಹಾಕಿದರು. ಬೆಲೆ ತೆತ್ತು ನಾಲ್ಕು ವರ್ಷ ಕಾದ ಮೇಲೆ, 1954ರ ಡಿಸೆಂಬರ್‌ನಲ್ಲಿ, ಸೆನೆಟ್ 67-22 ಮತಗಳಿಂದ ಮೆಕಾರ್ಥಿಯವರ ಮೇಲೆ ಖಂಡನಾ ನಿರ್ಣಯವನ್ನು ಅಂಗೀಕರಿಸಿತು.

ಜಾನ್ ಮೆಕೇನ್ ಅವರ ಪ್ರಸಂಗ ಹೆಚ್ಚು ಜನಕ್ಕೆ ಗೊತ್ತಿದೆ. 2008ರ ಅಕ್ಟೋಬರ್‌ನಲ್ಲಿ, ಬರಾಕ್ ಒಬಾಮ ಅವರ ವಿರುದ್ಧ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದಾಗ, ಮಿನ್ನೆಸೋಟದ ಸಭೆಯೊಂದರಲ್ಲಿ ಅವರ ಬೆಂಬಲಿಗರೇ ಆದ ಮಹಿಳೆಯೊಬ್ಬರು ಎದ್ದು, ಒಬಾಮ ಅವರನ್ನು ನಂಬಲಾರೆ, ಆತ ಅರಬ ಎಂದರು. ಮೆಕೇನ್ ಅವರು ಧ್ವನಿವರ್ಧಕವನ್ನು ಆಕೆಯ ಕೈಯಿಂದ ಮರಳಿ ಪಡೆದು, ಹಾಗಲ್ಲವಮ್ಮಾ, ಆತ ಸಭ್ಯ ಸಂಸಾರಸ್ಥ, ಈ ದೇಶದ ಪ್ರಜೆ, ಮೂಲಭೂತ ವಿಷಯಗಳಲ್ಲಿ ನನಗೆ ಅವರೊಂದಿಗೆ ಭಿನ್ನಾಭಿಪ್ರಾಯವಿದೆ, ಅಷ್ಟೇ ಎಂಬರ್ಥದ ಮಾತನ್ನಾಡಿದರು. ಅದೇ ಸಭೆಯಲ್ಲಿ ಒಬಾಮ ಅಧ್ಯಕ್ಷರಾದರೂ ಭಯಪಡಬೇಕಾದದ್ದಿಲ್ಲವೆಂದು ಹೇಳಿದಾಗ ಅವರ ಸ್ವಂತ ಬೆಂಬಲಿಗರೇ ಅವರನ್ನು ಕೂಗಾಡಿ ಹೀಯಾಳಿಸಿದ್ದರು. ಅರಬನಾಗಿದ್ದರೆ ಸಭ್ಯನಾಗಿರಲಾರನೇ ಎಂದು ಆಮೇಲೆ ಕೆಲವರು ಕೇಳಿದ್ದುಂಟು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಚುನಾವಣೆಗೆ ನಾಲ್ಕು ವಾರಗಳೂ ಉಳಿದಿಲ್ಲದಿರುವಾಗ ತನ್ನ ಮತದಾರರ ಮುಖಕ್ಕೆ ಎದುರು ಮಾತನಾಡುವುದು ಎಷ್ಟು ಮಂದಿಗೆ ಸಾಧ್ಯ? ಮೆಕೇನ್ ಸೋತರು. 2018ರಲ್ಲಿ ಅವರು ನಿಧನರಾದಾಗ, ಅವರ ಇಚ್ಛೆಯಂತೆ ಅಂತ್ಯವಿಧಿಯ ಸಭೆಯಲ್ಲಿ ಗುಣಕಥನ ಮಾಡಿದವರಲ್ಲಿ ಅವರನ್ನು ಬೇರೆ ಬೇರೆ ಚುನಾವಣೆಗಳಲ್ಲಿ ಸೋಲಿಸಿದ್ದ ಇಬ್ಬರೂ ಇದ್ದರು: ಜಾರ್ಜ್ ಡಬ್ಲ್ಯೂ. ಬುಷ್ ಮತ್ತು ಒಬಾಮ.

ನ್ಯಾಯಪೀಠದಲ್ಲಿಯೂ ಇಂಥ ಸ್ನೇಹವೊಂದಿತ್ತು. ಸರ್ವೋಚ್ಚ ನ್ಯಾಯಾಲಯದ ಆಂಟನಿನ್ ಸ್ಕಲೀಯ ಮತ್ತು ರೂತ್ ಬೇಡರ್ ಗಿನ್ಸ್‌ಬರ್ಗ್ ಸಿದ್ಧಾಂತದಲ್ಲಿ ಉತ್ತರ ದಕ್ಷಿಣ ಧ್ರುವಗಳು. ಆದರೆ ಇಬ್ಬರಿಗೂ ಸಂಗೀತನಾಟಕವೆಂದರೆ ಪ್ರಾಣ. ಹೊಸವರ್ಷದ ಊಟಕ್ಕೆ ಎರಡೂ ಕುಟುಂಬಗಳು ಕೂಡುತ್ತಿದ್ದವು. 1994ರಲ್ಲಿ ನಮ್ಮ ದೇಶಕ್ಕೆ ಬಂದಿದ್ದಾಗ ಇಬ್ಬರೂ ಒಂದೇ ಆನೆಯ ಮೇಲೆ ಕುಳಿತ ಚಿತ್ರ ಪ್ರಸಿದ್ಧವಾಗಿದೆ. ಹಿಂದೆ ಕುಳಿತದ್ದೇಕೆಂದು ಮಹಿಳಾವಾದಿ ಗೆಳತಿಯರು ಕೇಳಿದಾಗ, ಅದು ತೂಕದ ಹಂಚಿಕೆಯ ವಿಷಯವೆಂದು ಗಿನ್ಸ್‌ಬರ್ಗ್ ನಗೆಯಾಡುತ್ತಿದ್ದರು! ನಗೆಗಿಂತ ಮುಖ್ಯವಾದದ್ದು 1996ರ ಒಂದು ಮೊಕದ್ದಮೆ. ವರ್ಜೀನಿಯಾದ ಸೈನಿಕ ವಿದ್ಯಾಲಯಕ್ಕೆ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂಬ ಬಹುಮತದ ತೀರ್ಪನ್ನು ಗಿನ್ಸ್‌ಬರ್ಗ್ ಬರೆಯುತ್ತಿದ್ದರು. ವಿರೋಧಿಸಿದವರು ಸ್ಕಲೀಯ ಒಬ್ಬರೇ. ಅವರು ತಮ್ಮ ಕಟುವಾದ ಭಿನ್ನ ತೀರ್ಪಿನ ಕರಡನ್ನು ಮುಂಚಿತವಾಗಿಯೇ ಗಿನ್ಸ್‌ಬರ್ಗ್ ಅವರ ಕೈಗಿತ್ತರು, ಉತ್ತರಿಸಲು ಆಕೆಗೆ ಸಾಕಷ್ಟು ಸಮಯವಿರಲಿ ಎಂದು. ಅದರಿಂದ ತಮ್ಮ ವಾರಾಂತ್ಯ ಹಾಳಾಯಿತು, ಆದರೆ ತೀರ್ಪು ಉತ್ತಮವಾಯಿತೆಂದು ಗಿನ್ಸ್‌ಬರ್ಗ್ ಮುಂದೆ ಹೇಳಿಕೊಂಡರು. 1986ರಲ್ಲಿ ಸ್ಕಲೀಯ ಅವರ ನೇಮಕವನ್ನು ಸೆನೆಟ್ 98-0ರಿಂದಲೂ, 1993ರಲ್ಲಿ ಗಿನ್ಸ್‌ಬರ್ಗ್ ಅವರದನ್ನು 96-3ರಿಂದಲೂ ಒಪ್ಪಿತ್ತು. 2018ರಲ್ಲಿ ಬ್ರೆಟ್ ಕ್ಯಾವನಾ ಅವರ ನೇಮಕ 50-48ರಿಂದ ಆಯಿತು.

ನಡುವೆ ಏನಾಯಿತೆಂದರೆ ಒಂದೇ ಕಾರಣ ಹೇಳಲಾಗದು. ವಿವಾದದ ವಿಷಯಗಳಲ್ಲಿ ಎರಡೂ ಪಕ್ಷಗಳ ಮಾತು ಕೇಳಿಸಬೇಕೆಂದು 1949ರಿಂದ ಆಕಾಶವಾಣಿ, ದೂರದರ್ಶನ ಸಂಸ್ಥೆಗಳ ಮೇಲಿದ್ದ ನಿಯಮವನ್ನು 1987ರಲ್ಲಿ ರದ್ದುಗೊಳಿಸಲಾಯಿತು. 1990ರಲ್ಲಿ ನ್ಯೂಟ್ ಗಿಂಗ್ರಿಚ್ ಅವರ ಸಂಘಟನೆಯು ಎದುರಾಳಿಗಳಿಗೆ ದ್ರೋಹಿಗಳು, ಭ್ರಷ್ಟರು ಮುಂತಾದ ವಿಶೇಷಣಗಳನ್ನು ಬಳಸಿರೆಂದು ತನ್ನ ಅಭ್ಯರ್ಥಿಗಳಿಗೆ ಪದಗಳ ಪಟ್ಟಿಯನ್ನೇ ಹಂಚಿತು. ಸದಸ್ಯರು ಸಂಸಾರವನ್ನು ರಾಜಧಾನಿಗೆ ತರದೆ ವಾರದಲ್ಲಿ ಮೂರು ದಿನ ಮಾತ್ರ ಬಂದುಹೋಗುವ ರೂಢಿಯೂ ಬೆಳೆಯಿತು. ಮಡದಿಯರ ಪರಿಚಯವಿಲ್ಲ, ಮಕ್ಕಳು ಒಂದೇ ಶಾಲೆಯಲ್ಲಿಲ್ಲ. ಬೈಯಲು ಇನ್ನೇನು ಅಡ್ಡಿ? ಇತ್ತ ಡೆಮಾಕ್ರಟರೂ ನಿರ್ದೋಷಿಗಳಲ್ಲ. 2016ರಲ್ಲಿ ಹಿಲರಿ ಕ್ಲಿಂಟನ್ ಅವರು ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ಶೋಚನೀಯರ ಬುಟ್ಟಿಗೆ ಹಾಕಿ ಮಾತನಾಡಿದರು. ಟ್ರಂಪ್ ಅವರಂತೂ ಎದುರಾಳಿಗಳಿಗೆ ಅಡ್ಡಹೆಸರಿಡುವುದನ್ನೇ ಪ್ರಚಾರದ ಕಲೆಯಾಗಿಸಿಕೊಂಡರು.

ಆ ಕಹಿಯಾದ ಚುನಾವಣೆ ಮುಗಿದ ಮರುತಿಂಗಳು, 2016ರ ಡಿಸೆಂಬರ್‌ನಲ್ಲಿ, ಓಹಾಯೋ ರಾಜ್ಯದ ಸೌತ್ ಲೆಬನಾನ್ ಎಂಬ ಸಣ್ಣ ಊರಿನಲ್ಲಿ ಟ್ರಂಪ್ ಅವರಿಗೆ ಮತ ಹಾಕಿದ 10 ಮಂದಿ, ಕ್ಲಿಂಟನ್ ಅವರಿಗೆ ಮತ ಹಾಕಿದ 11 ಮಂದಿ ಒಂದೆಡೆ ಕುಳಿತರು. ಇದರಿಂದ ಹುಟ್ಟಿದ ಸಂಸ್ಥೆಯೇ ಇಂದು ಬ್ರೇವರ್ ಏಂಜೆಲ್ಸ್ ಎಂದು ಹೆಸರಾಗಿರುವುದು. ಸಂಭಾಷಣೆಯ ಕ್ರಮವನ್ನು ರೂಪಿಸಿದವರು ರಾಜಕೀಯ ಪಂಡಿತರಲ್ಲ. ಒಡೆಯುವ ಅಂಚಿನಲ್ಲಿರುವ ದಂಪತಿಗಳಿಗೆ ಸಲಹೆ ನೀಡುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಬಿಲ್ ಡೊಹರ್ಟಿ ಎಂಬ ಪ್ರಾಧ್ಯಾಪಕರು. ಗಂಡಹೆಂಡಿರ ಜಗಳದಲ್ಲಿ ಯಾರು ಸರಿಯೆಂದು ತೀರ್ಪು ಕೊಟ್ಟರೆ ಮನೆ ಉಳಿಯದೆಂಬುದು ಅವರಿಗೆ ತಿಳಿದಿತ್ತು. ಆದುದರಿಂದ ಅವರ ಕಮ್ಮಟದಲ್ಲಿ ಯಾರೂ ಯಾರ ಮನಸ್ಸನ್ನೂ ಬದಲಾಯಿಸಲು ಯತ್ನಿಸುವಂತಿಲ್ಲ. ಎರಡೂ ಕಡೆಯವರು ಬೇರೆ ಬೇರೆ ಕೋಣೆಗಳಿಗೆ ಹೋಗಿ, ಎದುರಿನವರು ತಮ್ಮ ವಿಷಯದಲ್ಲಿ ಏನೇನು ಕೆಟ್ಟ ಕಲ್ಪನೆ ಇಟ್ಟುಕೊಂಡಿದ್ದಾರೆಂದು ತಾವೇ ಪಟ್ಟಿ ಮಾಡುತ್ತಾರೆ. ಅದರಲ್ಲಿ ಸುಳ್ಳೇನು ಎಂಬುದನ್ನು ಬರೆಯುತ್ತಾರೆ. ಅನಂತರ ಕಠಿಣವಾದ ಪ್ರಶ್ನೆ: ಆ ಅಪವಾದದಲ್ಲಿ ಸಾಸಿವೆಯಷ್ಟಾದರೂ ನಿಜವುಂಟೇ? ಅದನ್ನು ಎದುರಿನವರ ಮುಂದೆ ಓದಿ ಹೇಳಬೇಕು. ಇನ್ನೊಂದು ಸರದಿಯಲ್ಲಿ ಒಂದು ಕಡೆಯವರು ನಡುವೆ ವೃತ್ತವಾಗಿ ಕುಳಿತು ಮಾತನಾಡಿದರೆ, ಮತ್ತೊಂದು ಕಡೆಯವರು ಸುತ್ತಲೂ ಕುಳಿತು ಬಾಯಿ ತೆರೆಯದೆ ಕೇಳುತ್ತಾರೆ. ಅತ್ತೆ ಸೊಸೆಯರಿಗೂ ಇಂಥ ಕಮ್ಮಟ ಬೇಕೆನ್ನುವವರು ಇರಬಹುದು!

ಚುನಾವಣೆಯ ಕಣದಲ್ಲಿಯೇ ಇದನ್ನು ಪ್ರಯೋಗಿಸಿದವರೂ ಉಂಟು. 2020ರಲ್ಲಿ ಯೂಟಾ ರಾಜ್ಯದ ಗವರ್ನರ್ ಪದವಿಗೆ (ಅದು ನಮ್ಮ ಮುಖ್ಯಮಂತ್ರಿ ಪದವಿಯಂತೆ, ಜನರೇ ನೇರವಾಗಿ ಆರಿಸುವಂಥದು) ಸ್ಪರ್ಧಿಸಿದ್ದ ರಿಪಬ್ಲಿಕನ್ ಸ್ಪೆನ್ಸರ್ ಕಾಕ್ಸ್ ಮತ್ತು ಡೆಮಾಕ್ರಟ್ ಕ್ರಿಸ್ ಪೀಟರ್ಸನ್ ಒಂದೇ ಜಾಹೀರಾತಿನಲ್ಲಿ ಅಕ್ಕಪಕ್ಕ ನಿಂತರು. ತಮ್ಮ ತಮ್ಮಲ್ಲಿ ಭಿನ್ನಮತವಿದ್ದರೂ ಬಂದ ಫಲಿತಾಂಶಕ್ಕೆ ಇಬ್ಬರೂ ತಲೆಬಾಗುವೆವೆಂದು ಸಾರಿದರು. ಗೆದ್ದ ಕಾಕ್ಸ್ ಅವರ ರಾಜ್ಯದಲ್ಲಿಯೇ ಐದು ವರ್ಷಗಳ ಅನಂತರ ಕರ್ಕ್ ಅವರ ಹತ್ಯೆ ನಡೆಯಿತು. ಆಗ ಅವರು ಸೇಡಿನ ಕಿಚ್ಚು ಹಚ್ಚದೆ, ಈ ದಾರಿಯಿಂದ ಹೊರಳಿ ಬನ್ನಿರೆಂದು ಯುವಕರನ್ನು ಬೇಡಿಕೊಂಡರು. ಅವರ ಪಕ್ಷದ ಕೆಲವರಿಗೆ ಅದು ದೌರ್ಬಲ್ಯವಾಗಿ ಕಂಡಿತು.

ಸಂಸತ್ತಿನೊಳಗೆ ನಡೆದ ಒಂದು ಸಣ್ಣ ಪ್ರಯೋಗವನ್ನೂ ಹೇಳಬೇಕು. ಕೆಳಮನೆಯು ತನ್ನ ಕಾರ್ಯವಿಧಾನವನ್ನು ಸುಧಾರಿಸಲು 2019ರಲ್ಲಿ ನೇಮಿಸಿದ ವಿಶೇಷ ಸಮಿತಿಯಲ್ಲಿ ಎರಡೂ ಪಕ್ಷಗಳಿಗೆ ಸಮಾನ ಸಂಖ್ಯೆಯ ಸದಸ್ಯರಿದ್ದರು. ಸಮಿತಿಗಳಲ್ಲಿ ಒಂದು ಪಕ್ಷ ಒಂದು ಬದಿಗೆ, ಇನ್ನೊಂದು ಪಕ್ಷ ಇನ್ನೊಂದು ಬದಿಗೆ ಕೂರುವುದು ಅಲ್ಲಿಯ ಸಂಪ್ರದಾಯ. ಈ ಸಮಿತಿಯವರು ಅದನ್ನು ಬಿಟ್ಟು ಒಬ್ಬರ ಪಕ್ಕಕ್ಕೆ ಎದುರು ಪಕ್ಷದ ಇನ್ನೊಬ್ಬರಂತೆ ಕುಳಿತರು. ಮುಂದೆ ಸಾಕ್ಷಿಗಳ ಜತೆಗೇ ಒಂದೇ ಮೇಜಿನ ಸುತ್ತ ಕೂಡತೊಡಗಿದರು. ಸಾಕ್ಷಿ ಹೇಳಿದ್ದು ಸರಿಯಾಗಿ ಕೇಳಿಸದಿದ್ದವರು ಪಕ್ಕಕ್ಕೆ ಬಾಗಿ ವಿಚಾರಿಸಬೇಕಾದದ್ದು ಎದುರು ಪಕ್ಷದವರನ್ನೇ. ನಾಲ್ಕು ವರ್ಷಗಳಲ್ಲಿ ಆ ಸಮಿತಿಯು ಇನ್ನೂರಕ್ಕೂ ಹೆಚ್ಚು ಶಿಫಾರಸುಗಳನ್ನು ಎರಡೂ ಪಕ್ಷಗಳ ಬೆಂಬಲದಿಂದ ಮುಂದಿಟ್ಟಿತು. ಉಳಿದ ಸಮಿತಿಗಳಲ್ಲಿ ಬಹುತೇಕವು ಇಂದಿಗೂ ಹಳೆಯ ಕ್ರಮದಲ್ಲಿಯೇ, ಎರಡು ಬದಿಗಳಾಗಿ ಕುಳಿತುಕೊಳ್ಳುತ್ತವೆ.