ಕೆಟ್ಟ ಯಂತ್ರ, ಕೆಡದ ಬರಹ

ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಮೇಜು ಒರಸಿ, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ವಿದ್ಯೆ ಕಲಿತ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರ ನೆನಪುಗಳನ್ನು ವಿಶೇಷ ಸಂಚಿಕೆಯೊಂದರಲ್ಲಿ ಪ್ರಕಟಿಸಬೇಕೆಂದು ನಾವು ಎರಡು ವರ್ಷಗಳಿಂದ ಬರಹಗಳನ್ನು ಕೂಡಿಸುತ್ತಿದ್ದೆವು. ಅವರು ಕೈಯಾರೆ ಬರೆದು ಕಳುಹಿಸಿದುದನ್ನು ಕಾರ್ಯಾಲಯದ ಹಳೆಯ ಲ್ಯಾಪ್‌ಟಾಪಿನಲ್ಲಿ ಬೆರಳಚ್ಚು ಮಾಡಿಸಿ, ಕಾಗದಗಳನ್ನು ಅವರವರಿಗೇ ಹಿಂದಿರುಗಿಸಿದೆವು. ಬರೆದವರಲ್ಲಿ ಇಬ್ಬರು ಈಗ ನಮ್ಮೊಡನಿಲ್ಲ. ಅವರ ಮನೆಗಳಲ್ಲಿ ಆ ಕಾಗದಗಳೂ ಉಳಿದಿಲ್ಲ.

ಕಳೆದ ತಿಂಗಳು ಒಂದು ಬೆಳಗ್ಗೆ ಆ ಲ್ಯಾಪ್‌ಟಾಪು ಏಳಲೇ ಇಲ್ಲ. ಗುಂಡಿ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ. ರಿಪೇರಿಯವನು ಬಿಚ್ಚಿ ನೋಡಿ, “ಮದರ್‌ಬೋರ್ಡು ಸುಟ್ಟಿದೆ, ಹೊಸದನ್ನು ಕೊಳ್ಳುವುದೇ ಲೇಸು” ಎಂದನು. ಒಳಗಿನ ಬರಹದ ಗತಿಯೇನೆಂದು ಕೇಳಿದರೆ ಸುಮ್ಮನೆ ತಲೆಯಾಡಿಸಿದನು. ಬೇರೊಂದು ಪ್ರತಿಯನ್ನು ತೆಗೆದಿಡಬೇಕೆಂಬ ಬುದ್ಧಿ ನಮಗೆ ಬಂದಿರಲಿಲ್ಲ. ಆ ತಪ್ಪು ನಮ್ಮದೇ.

ಹಗಲು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಸಂಜೆ ನಮ್ಮಲ್ಲಿ ಕರಡು ತಿದ್ದುವ ತರುಣನೊಬ್ಬನಿದ್ದಾನೆ. ಅವನು ಸಂಗತಿಯನ್ನು ಕೇಳಿ ನಕ್ಕು, “ಅಣ್ಣಾ, ಒಲೆ ಕೆಟ್ಟರೆ ಉಗ್ರಾಣದ ಅಕ್ಕಿ ಕೆಡುತ್ತದೆಯೇ?” ಎಂದನು. ಹೋಟೆಲು ನಡೆಸಿದ ನಮಗೆ ಆ ಮಾತು ಕೂಡಲೆ ನಾಟಿತು. ಬರಹವಿರುವುದು ಡಿಸ್ಕ್ ಎಂಬ ಉಗ್ರಾಣದಲ್ಲಿ, ಸುಟ್ಟಿದ್ದುದು ಒಲೆ. ನಾಲ್ಕು ತಿರುಪು ಬಿಚ್ಚಿ ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ತಂತಿಯುಳ್ಳ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಅದನ್ನು ಕೂರಿಸಿದನು. ಎಲ್ಲ ಯಂತ್ರಗಳಲ್ಲಿಯೂ ಇದು ಸಾಧ್ಯವೆಂದು ವಾಚಕರು ಭಾವಿಸಬಾರದು. ಈಚಿನ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ಉಗ್ರಾಣವನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಬಿದ್ದಿದ್ದರೆ, 48 ಅಂಕಿಗಳ ಕೀಲಿಸಂಖ್ಯೆಯಿಲ್ಲದೆ ಹೊರಗಿನಿಂದ ಅದನ್ನು ತೆರೆಯಲಾಗದು. ಆ ಸಂಖ್ಯೆಯನ್ನು ಯಂತ್ರ ನಡೆಯುತ್ತಿರುವಾಗಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ವಿವೇಕ.

ಕಾರ್ಯಾಲಯದಲ್ಲಿ ಉಳಿದಿದ್ದುದು ಮುಖಪುಟ ರಚಿಸುವ ಮ್ಯಾಕ್ ಕಂಪ್ಯೂಟರ್ ಒಂದೇ. ವಿಂಡೋಸಿನದು ಒಂದು ಪದ್ಧತಿ, ಮ್ಯಾಕಿನದು ಇನ್ನೊಂದು. ವಿಂಡೋಸ್ ತನ್ನ ಡಿಸ್ಕನ್ನು ಎನ್‌ಟಿಎಫ್‌ಎಸ್ ಎಂಬ ಕ್ರಮದಲ್ಲಿ ಜೋಡಿಸಿಟ್ಟಿರುತ್ತದೆ. ಮ್ಯಾಕ್ ಅದನ್ನು ಓದಬಲ್ಲುದು. ಆದರೆ ಅದರಲ್ಲಿ ಬರೆಯದು. ಓದಿದರೆ ನಮಗೆ ಸಾಕಾಗಿತ್ತು. ಇದು ತಿರುಗುಮುರುಗಾಗಿದ್ದರೆ ಕಷ್ಟವಾಗುತ್ತಿತ್ತು. ಮ್ಯಾಕಿನ ಡಿಸ್ಕನ್ನು ವಿಂಡೋಸಿಗೆ ಜೋಡಿಸಿದರೆ, ಬೇರೆ ತಂತ್ರಾಂಶದ ನೆರವಿಲ್ಲದೆ ಅದು ಓದಲಾರದು; “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳುವುದೂ ಉಂಟು. ಆಗ ಅವಸರದಲ್ಲಿ ಹೂಂ ಎಂದವನು ಕೆಟ್ಟನು; ಫಾರ್ಮ್ಯಾಟ್ ಎಂದರೆ ಉಗ್ರಾಣವನ್ನು ಬರಿದುಮಾಡಿದಂತೆಯೇ. ಎರಡು ಪದ್ಧತಿಗಳ ನಡುವೆ ಸಾಮಾನು ಸಾಗಿಸಲು ಎಕ್ಸ್‌ಫ್ಯಾಟ್ ಕ್ರಮದ ಪೆನ್‌ಡ್ರೈವ್ ಅನುಕೂಲ. ಇಬ್ಬರೂ ಅದರಲ್ಲಿ ಓದಿ ಬರೆಯಬಲ್ಲರು. ಹಳೆಯ ಫ್ಯಾಟ್ 32 ಕ್ರಮದ್ದನ್ನೂ ಇಬ್ಬರೂ ಬಲ್ಲರಾದರೂ ಅದರಲ್ಲಿ 4 ಜಿಬಿ ಗಾತ್ರದ ಫೈಲು ಹಿಡಿಸದು.

ಫೈಲುಗಳೆಲ್ಲ ಮ್ಯಾಕಿಗೆ ಬಂದುವು. ಹಿರಿಹಿಗ್ಗಿನಿಂದ ಮೊದಲನೆಯದನ್ನು ತೆರೆದೆವು. “ಕನ್ನಡ” ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿದ್ದ ಎ, ಪೌಂಡಿನ ಚಿಹ್ನೆ! ಪುಟವೆಲ್ಲ ಹೀಗೆಯೇ. ಬರಹ ಕೈಗೆ ಬಂದಿತ್ತು, ಕಣ್ಣಿಗೆ ಬಂದಿರಲಿಲ್ಲ.

ಇದಕ್ಕೆ ಕಾರಣವನ್ನು ಕನ್ನಡದಲ್ಲಿ ಬೆರಳಚ್ಚು ಮಾಡುವ ಪ್ರತಿಯೊಬ್ಬ ಗುಮಾಸ್ತನೂ ಅರಿತಿರಬೇಕು. ಕಂಪ್ಯೂಟರು ಬಲ್ಲುದು ಅಂಕಿಗಳನ್ನು ಮಾತ್ರ. ಕನ್ನಡಕ್ಕೆಂದು ಬೇರೆ ಅಂಕಿಗಳು ಬಳಕೆಗೆ ಬಾರದಿದ್ದ ಕಾಲದಲ್ಲಿ, ಇಂಗ್ಲಿಷ್ ಅಕ್ಷರಗಳ ಅಂಕಿಗಳ ಮೇಲೆಯೇ ಕನ್ನಡದ ರೂಪಗಳನ್ನು ಬರೆದು ಫಾಂಟುಗಳನ್ನು ಮಾಡಿದರು. 1998ರಲ್ಲಿ ಬಂದ “ಬರಹ”, ಅನಂತರದ “ನುಡಿ” ಮೊದಲಾದ ತಂತ್ರಾಂಶಗಳು ಈ ಉಪಾಯದಿಂದಲೇ ಕನ್ನಡವನ್ನು ಮನೆಮನೆಗೆ ಮುಟ್ಟಿಸಿದುವು. ಅವುಗಳ ಋಣ ದೊಡ್ಡದು. ಆದರೆ ಹಾಗೆ ಬರೆದ ಫೈಲಿನೊಳಗೆ ಕನ್ನಡವಿಲ್ಲ, ಕನ್ನಡದ ವೇಷವಿದೆ. ಫಾಂಟಿಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. 1991ರ ಮೊದಲನೆಯ ಆವೃತ್ತಿಯಿಂದಲೇ ಯೂನಿಕೋಡ್ ಕನ್ನಡಕ್ಕೆ ಸ್ವಂತ ಅಂಕಿಗಳನ್ನು ಕೊಟ್ಟಿದೆ. ಯೂನಿಕೋಡಿನಲ್ಲಿ ಬರೆದುದು ವಿಂಡೋಸಿನಲ್ಲಿಯೂ ಮ್ಯಾಕಿನಲ್ಲಿಯೂ ಮಾಣಿಯ ಜೇಬಿನ ಮೊಬೈಲಿನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. “ನುಡಿ”, “ಬರಹ”ಗಳಲ್ಲಿಯೂ ಈಗ ಯೂನಿಕೋಡಿನಲ್ಲಿ ಬರೆಯಬಹುದು.

ತರುಣನು ಮೊದಲು ಹಳೆಯ ಫಾಂಟನ್ನು ಮ್ಯಾಕಿನಲ್ಲಿ ಹಾಕಿ ಅಕ್ಷರಗಳನ್ನು ಕಾಣಿಸಿದನು. ಅನಂತರ ಪರಿವರ್ತಕ ತಂತ್ರಾಂಶದಿಂದ ಅವುಗಳನ್ನು ಯೂನಿಕೋಡಿಗೆ ತಿರುಗಿಸಿದನು. ಪರಿವರ್ತನೆಯಲ್ಲಿ ಅರ್ಕಾವತ್ತು ಅಲ್ಲಲ್ಲಿ ಸ್ಥಾನ ತಪ್ಪಿತು. ನಡುವೆ ಇದ್ದ ಇಂಗ್ಲಿಷ್ ಮಾತುಗಳು ಅರ್ಥವಿಲ್ಲದ ಕನ್ನಡವಾದುವು. ಮುದ್ರಿತ ಪ್ರತಿಯನ್ನು ಅವನು ಓದಿದಂತೆ ನಾವು ಪರದೆಯ ಮೇಲೆ ತಿದ್ದಿದೆವು. ಎಂಟು ಸಂಜೆ ಹಿಡಿಯಿತು.

ಅಗಲಿದ ಆ ಇಬ್ಬರಲ್ಲಿ ಒಬ್ಬರು, ಊರಿನಲ್ಲಿದ್ದ ತಾಯಿಗೆ ಕಳುಹಿಸುವ ಮನಿಯಾರ್ಡರಿನ ಫಾರಮನ್ನು ಮೊದಲ ಬಾರಿಗೆ ಅನ್ಯರ ಹಂಗಿಲ್ಲದೆ ತಾವೇ ತುಂಬಿದ ದಿನವನ್ನು ಬರೆದಿದ್ದರು. ಅಂದು ಅಂಚೆ ಕಚೇರಿಯಿಂದ ಹೋಟೆಲಿನವರೆಗೆ ರಸೀತಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದರಂತೆ. ಆ ಪುಟವನ್ನು ಅವರ ಮಗಳ ಮೊಬೈಲಿಗೆ ಕಳುಹಿಸಿದೆವು. “ಅಪ್ಪ ಇದನ್ನು ನಮಗೆ ಹೇಳಿಯೇ ಇರಲಿಲ್ಲ” ಎಂದು ಆಕೆ ಮರುದಿನ ಫೋನು ಮಾಡಿದರು.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಸಂಘದ ಲೆಕ್ಕವಿರಲಿ, ಮಕ್ಕಳ ಚಿತ್ರಗಳಿರಲಿ, ತಂದೆಯ ನಾಲ್ಕು ಸಾಲುಗಳಿರಲಿ, ಇಂದೇ ಇನ್ನೊಂದು ಪ್ರತಿ ತೆಗೆದು ಬೇರೆಡೆ ಇಡಿರಿ. ಇಟ್ಟ ಮೇಲೆ ಅದನ್ನು ಬೇರೊಂದು ಜಾತಿಯ ಯಂತ್ರದಲ್ಲಿ ಒಮ್ಮೆ ತೆರೆದು ಓದಿರಿ. ಅಲ್ಲಿ ಓದಲು ಬಾರದ ಪ್ರತಿಯನ್ನು ಪ್ರತಿಯೆಂದು ನಂಬಬೇಡಿರಿ. ಕೈಬರಹವಿದ್ದರೆ ಆ ಕಾಗದವನ್ನೂ ಎಸೆಯಬೇಡಿರಿ; ಅದನ್ನು ಓದಲು ಯಾವ ಯಂತ್ರವೂ ಬೇಡ.