ಕಾರಿನ ಮೂಗು ಮುರಿದರೆ ನೀವೇ ಸರಿ ಮಾಡಿ!

ಶುಕ್ರವಾರ ಗೊರವನಹಳ್ಳಿ ಮಹಾಲಕ್ಷ್ಮಿ, ಶನಿವಾರ ಪಾವಗಡದ ಶನಿಮಹಾತ್ಮ, ನಡುವೆ ಶಿರಾದಲ್ಲೊಂದು ಮದುವೆ, ಮಧುಗಿರಿಯಲ್ಲೊಂದು ನಾಮಕರಣ. ನಮ್ಮ ಕಡೆ ಮನೆಯ ಕಾರಿಗೆ ಬಿಡುವು ಅನ್ನೋದೇ ಇಲ್ಲ. ಮುಂದಿನ ಲಾರಿ ಹಾರಿಸಿದ ಕಲ್ಲು, ತಟ್ಟನೆ ಅಡ್ಡ ಬಂದ ನಾಯಿ, ಇಕ್ಕಟ್ಟಿನಲ್ಲಿ ನಿಲ್ಲಿಸುವಾಗ ತಾಗಿದ ಸ್ಕೂಟರ್... ಮೊದಲ ಪೆಟ್ಟು ಬೀಳೋದು ಕಾರಿನ ಮುಂದಿನ ಗ್ರಿಲ್‌ಗೆ. 'ಅಯ್ಯೋ, ಚಂದಕ್ಕೆ ಹಾಕಿರೋ ಪ್ಲಾಸ್ಟಿಕ್ ತಾನೇ, ಹೋದ್ರೆ ಹೋಗ್ಲಿ ಬಿಡ್ರೀ' ಅಂತ ಸುಮ್ಮನಾಗುವವರೇ ಹೆಚ್ಚು.

ಆದರೆ ಗ್ರಿಲ್ ಬರೀ ಅಲಂಕಾರವಲ್ಲ. ಅದು ಕಾರಿನ ಮೂಗು. ಅದರ ಸಂದಿಯಿಂದ ನುಗ್ಗುವ ಗಾಳಿಯೇ ಎ.ಸಿ.ಯ ಕಂಡೆನ್ಸರನ್ನೂ, ಅದರ ಹಿಂದಿರುವ ರೇಡಿಯೇಟರನ್ನೂ ತಣ್ಣಗಿಡುವುದು. ಗ್ರಿಲ್ ಮುರಿದು ಬಾಯಿ ಬಿಟ್ಟಿದ್ದರೆ ಕಲ್ಲು ನೇರವಾಗಿ ಕಂಡೆನ್ಸರ್‌ಗೆ ಬಡಿದು ತೂತಾಗಬಹುದು. ಗ್ರಿಲ್‌ಗೆ ಹೋಲಿಸಿದರೆ ಕಂಡೆನ್ಸರ್ ಬಲು ದುಬಾರಿ. ಇನ್ನು ಗಾಳಿಗೆ ಅಡ್ಡಿಯಾದರೆ, ಪಾವಗಡದ ಏಪ್ರಿಲ್ ಬಿಸಿಲಲ್ಲಿ ಎ.ಸಿ. ಹಾಕಿಕೊಂಡು ಹೋಗುವಾಗ ಎಂಜಿನ್ ಕುದಿಯೋಕೆ ಎಷ್ಟು ಹೊತ್ತು ಬೇಕು ಹೇಳಿ!

ಕೊಳ್ಳುವ ಮುನ್ನ

ಕಾರಿನ ಮಾಡೆಲ್, ತಯಾರಾದ ವರ್ಷ ಎರಡನ್ನೂ ಬರೆದುಕೊಂಡು ಅಂಗಡಿಗೆ ಹೋಗಿ. ಒಂದೇ ಹೆಸರಿನ ಕಾರಾದರೂ ವರ್ಷ ಬದಲಾದರೆ ಗ್ರಿಲ್ ಕೂರದೇ ಇರಬಹುದು. ಆರ್.ಸಿ.ಯ ಜೆರಾಕ್ಸ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಊರಲ್ಲಿ ಸಿಗದಿದ್ದರೆ ತುಮಕೂರಿಗೋ, ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋಗುವವರ ಕೈಲಿ ತರಿಸಬಹುದು. ಜೊತೆಗೆ ನಾಲ್ಕಾರು ಹೊಸ ಪ್ಲಾಸ್ಟಿಕ್ ಕ್ಲಿಪ್ಪುಗಳೂ ಇರಲಿ. ಬಿಸಿಲಿಗೆ ಒಣಗಿದ ಹಳೆಯ ಕ್ಲಿಪ್ಪು ಮುಟ್ಟಿದರೆ ಮುರಿಯುತ್ತೆ. ಫಳಫಳ ಹೊಳೆಯುವ, ಸಂದಿಯೇ ಇಲ್ಲದ ಗ್ರಿಲ್‌ಗೆ ಮಾತ್ರ ಮರುಳಾಗಬೇಡಿ. ಗಾಳಿ ಆಡದ ಗ್ರಿಲ್ ಇದ್ದೂ ಇಲ್ಲದಂತೆ.

ಬದಲಿಸುವುದು ಹೀಗೆ

* ಕಾರು ನಿಲ್ಲಿಸಿ ಒಂದೆರಡು ಗಂಟೆ ಆದಮೇಲೇ ಕೈ ಹಚ್ಚಿ. ಎಂಜಿನ್ ಆಫ್ ಆಗಿದ್ದರೂ ಬಿಸಿ ಇದ್ದರೆ ಕೆಲವು ಕಾರುಗಳಲ್ಲಿ ಫ್ಯಾನ್ ತಾನಾಗಿಯೇ ತಿರುಗುತ್ತೆ. ಬಿಸಿ ರೇಡಿಯೇಟರ್‌ನ ಮುಚ್ಚಳವನ್ನಂತೂ ತೆಗೆಯಲೇಬೇಡಿ.

* ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿ. ಕೆಲಸ ಶುರು ಮಾಡುವ ಮುನ್ನ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಸ್ಕ್ರೂ ಎಲ್ಲಿತ್ತು ಅನ್ನೋ ಗೊಂದಲ ಆಗೋದಿಲ್ಲ.

* ಗ್ರಿಲ್‌ನ ಮೇಲಂಚಿನಲ್ಲಿ ಸ್ಕ್ರೂ ಅಥವಾ ಗುಂಡಿಯಂಥ ಕ್ಲಿಪ್ಪುಗಳಿರುತ್ತವೆ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಗುಂಡಿಯ ನಡುಭಾಗ ಎತ್ತಿ, ಆಮೇಲೆ ಇಡೀ ಕ್ಲಿಪ್ ತೆಗೆಯಿರಿ. ಬಿಚ್ಚಿದ್ದನ್ನೆಲ್ಲ ಒಂದು ಸ್ಟೀಲ್ ಬಟ್ಟಲಿಗೆ ಹಾಕಿಡಿ.

* ಕೆಳಗಿನ ಕೊಕ್ಕೆಗಳನ್ನು ಒತ್ತಿ ಬಿಡಿಸಿ, ಗ್ರಿಲನ್ನು ಮೆಲ್ಲಗೆ ನಿಮ್ಮ ಕಡೆಗೆ ಎಳೆಯಿರಿ. ಬರಲಿಲ್ಲ ಅಂದ್ರೆ ಎಲ್ಲೋ ಒಂದು ಕ್ಲಿಪ್ ಉಳಿದಿದೆ ಅಂತ ಅರ್ಥ. ಜಗ್ಗಾಡಬೇಡಿ.

* ಹೊಸದನ್ನು ಕೂರಿಸುವ ಮುನ್ನ ರೇಡಿಯೇಟರ್ ಮುಂದಿನ ಕಸ, ಹುಳುಗಳನ್ನು ಮೃದುವಾದ ಬ್ರಷ್‌ನಿಂದ ತೆಗೆಯಿರಿ. ಅಲ್ಲಿರುವ ಅಲ್ಯೂಮಿನಿಯಂ ಪಟ್ಟಿಗಳು ಒತ್ತಿದರೆ ಬಾಗುತ್ತವೆ, ಜೋಕೆ.

* ಹೊಸ ಗ್ರಿಲ್‌ನ ಕೊಕ್ಕೆಗಳನ್ನು ಅವುಗಳ ಕಿಂಡಿಗೆ ಸರಿಯಾಗಿ ಹೊಂದಿಸಿ 'ಟಕ್' ಅನ್ನುವವರೆಗೆ ಒತ್ತಿ, ಮೇಲಿನ ಸ್ಕ್ರೂ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತೆ. ಕೊನೆಗೆ ಬಾನೆಟ್ ಸರಿಯಾಗಿ ಮುಚ್ಚಿಕೊಳ್ಳುತ್ತದೆಯೇ ನೋಡಿ.

ಎಲ್ಲಾ ಕಾರಿಗೂ ಇದು ಒಗ್ಗುವುದಿಲ್ಲ. ಕೆಲವಕ್ಕೆ ಇಡೀ ಬಂಪರ್ ಬಿಚ್ಚಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಗ್ರಿಲ್ ಹಿಂದೆಯೇ ಕ್ಯಾಮೆರಾ, ರಾಡಾರ್ ಇರುತ್ತವೆ. ಅಂಥವನ್ನು ಮೆಕ್ಯಾನಿಕ್‌ಗೇ ಬಿಡುವುದು ಜಾಣತನ.

ಸುಗ್ಗಿಯಲ್ಲಿ ಎಚ್ಚರ

ನಮ್ಮ ಕಡೆ ಸುಗ್ಗಿ ಬಂತೆಂದರೆ ಹಳ್ಳಿ ರಸ್ತೆಯೇ ಕಣ. ಹರಡಿದ ರಾಗಿ, ಹುರುಳಿಯ ಮೇಲೆ ಕಾರು ಹೋದಾಗ ಹುಲ್ಲು, ಬಳ್ಳಿ ಗ್ರಿಲ್‌ಗೂ ತಳಕ್ಕೂ ಸುತ್ತಿಕೊಳ್ಳುತ್ತೆ. ಬಿಸಿ ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಮಕ್ಕಳು ಮರಿ ಕೂತಿರುವ ಕಾರು ಅನ್ನೋದು ನೆನಪಿರಲಿ. ಅಂಥ ರಸ್ತೆ ದಾಟಿದ ಕೂಡಲೇ ಬದಿಗೆ, ಒಣಹುಲ್ಲಿಲ್ಲದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಗ್ಗಿ ನೋಡಿ. ಸಿಕ್ಕಿದ್ದನ್ನು ಬಿಸಿ ಪೈಪಿಗೆ ಕೈ ತಾಗದಂತೆ ಕೋಲಿನಿಂದ ತೆಗೆಯಿರಿ.

'ಗ್ರಿಲ್ ಮತ್ತೆ ಒಡೆಯದಿರಲಿ' ಅಂತ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧವೆಂದು ರಾಜ್ಯಗಳಿಗೆ ತಿಳಿಸಿದೆ. ಪಾದಚಾರಿಗೆ ತಾಗಿದರೆ ಪೆಟ್ಟು ಜೋರು. ಅಪಘಾತದ ಹೊತ್ತಿನಲ್ಲಿ ಏರ್‌ಬ್ಯಾಗ್ ಸರಿಯಾಗಿ ತೆರೆದುಕೊಳ್ಳದೆಯೂ ಇರಬಹುದು.

ಮಿಕ್ಸಿಯ ಬ್ಲೇಡ್, ಕುಕ್ಕರ್‌ನ ಗ್ಯಾಸ್ಕೆಟ್ ಬದಲಿಸುವ ಕೈಗೆ ಇದೇನು ಮಹಾ ಕೆಲಸ ಅಲ್ಲ. ಮುಂದಿನ ಭಾನುವಾರ ಒಮ್ಮೆ ಬಾನೆಟ್ ಎತ್ತಿ ನಿಮ್ಮ ಕಾರಿನ ಮೂಗನ್ನು ನೋಡಿ. ಮನೆಯವರು ಪೇಪರ್ ಮಡಿಸಿಟ್ಟು ಎದ್ದು ಬರದಿದ್ದರೆ ಕೇಳಿ!